ಏಳನೇ ಮಹಡಿಯ ಹನ್ನೊಂದು ಗಂಟೆ

ಪ್ಯಾರಿಸ್ಸಿನ ಚರಂಡಿಯಲ್ಲಿ ಕೆಲಸ ಮಾಡುವ ಚಿಕೊಗೆ ದೇವರು ಹತ್ತು ಫ್ರಾಂಕ್ ಬಾಕಿ ಕೊಡಬೇಕು. ಅವನ ಲೆಕ್ಕ ಸ್ಪಷ್ಟವಾಗಿದೆ. ನೆಲದಡಿಯ ಕತ್ತಲಿನಿಂದ ಮೇಲೆ ಬಂದು ಬೀದಿ ತೊಳೆಯುವ ಕೆಲಸವಾದರೂ ಸಿಗಲಿ ಎಂದು ಚರ್ಚಿನಲ್ಲಿ ಐದು ಫ್ರಾಂಕಿನ ಮೇಣದಬತ್ತಿ ಹಚ್ಚಿದ್ದ. ಒಳ್ಳೆಯ ಹೆಂಡತಿ ಸಿಗಲಿ ಎಂದು ಇನ್ನೈದು ಫ್ರಾಂಕಿನದು. ಎರಡೂ ಕೈಗೂಡಲಿಲ್ಲ. ಆದ್ದರಿಂದ ದೇವರಿಲ್ಲ ಎಂಬುದು ಅವನ ತೀರ್ಮಾನ. ಒಂದು ವೇಳೆ ಇದ್ದರೆ ಅವನು ಸಾಲಗಾರ.

ಈ ಮಾತು ಬರುವುದು 1927ರ ‘ಸೆವೆಂತ್ ಹೆವೆನ್’ ಎಂಬ ಮೂಕಿಚಿತ್ರದಲ್ಲಿ. ಆಸ್ಟಿನ್ ಸ್ಟ್ರಾಂಗ್ ಬರೆದ ನಾಟಕವನ್ನು ಆಧರಿಸಿ ಫಾಕ್ಸ್ ಸ್ಟುಡಿಯೋ ಅದನ್ನು ತೆಗೆಯಿತು. ನಿರ್ದೇಶಿಸಿದವನು ಫ್ರಾಂಕ್ ಬೋರ್ಜೇಗಿ. 1929ರ ಮೇ 16ರಂದು ಹಾಲಿವುಡ್ಡಿನ ರೂಸ್‌ವೆಲ್ಟ್ ಹೋಟೆಲಿನಲ್ಲಿ ಮೊಟ್ಟಮೊದಲ ಆಸ್ಕರ್ ಪ್ರಶಸ್ತಿಗಳನ್ನು ಕೊಟ್ಟಾಗ ನಿರ್ದೇಶನದ ಪ್ರಶಸ್ತಿಯನ್ನು ಎರಡಾಗಿ ಹಂಚಿದ್ದರು, ಗಂಭೀರ ಚಿತ್ರಕ್ಕೊಂದು, ಹಾಸ್ಯಕ್ಕೊಂದು. ಗಂಭೀರ ಚಿತ್ರದ ಪಾಲು ಇವನಿಗೆ ಸಂದಿತು. 1931ರ ‘ಬ್ಯಾಡ್ ಗರ್ಲ್’ ಚಿತ್ರಕ್ಕೆ ಮತ್ತೊಮ್ಮೆ ಆ ಗೌರವ ದೊರೆಯಿತು. ಅಷ್ಟಾಗಿಯೂ ನಮ್ಮ ಕಡೆ ಹಳೆಯ ಹಾಲಿವುಡ್ಡಿನ ಮಾತು ಬಂದಾಗ ಗ್ರಿಫಿತ್ ಎನ್ನುತ್ತೇವೆ, ಚಾಪ್ಲಿನ್ ಎನ್ನುತ್ತೇವೆ, ಸ್ವಲ್ಪ ಓದಿಕೊಂಡವರು ಮುರ್ನೋ ಎನ್ನುತ್ತಾರೆ. ಬೋರ್ಜೇಗಿ ಎಂದವರನ್ನು ನಾನು ಕಂಡಿಲ್ಲ.

ಒಂದು ಪದ ಅವನನ್ನು ಮುಚ್ಚಿಹಾಕಿದೆ ಎಂದು ನನಗನ್ನಿಸುತ್ತದೆ. ಮೆಲೊಡ್ರಾಮಾ. ಗ್ರೀಕಿನಲ್ಲಿ ‘ಮೆಲೋಸ್’ ಎಂದರೆ ಹಾಡು. ಹಾಡು ಬೆರೆತ ನಾಟಕ ಎಂಬಷ್ಟೇ ಅದರ ಮೂಲದ ಅರ್ಥ. ಬರಬರುತ್ತ ಅದೊಂದು ಬೈಗುಳವಾಯಿತು. ನಮ್ಮಲ್ಲಿ ಅದಕ್ಕಿರುವ ಪದ ಇನ್ನೂ ಖಾರ: ಅಳುಮುಂಜಿ ಸಿನಿಮಾ. ಕಾಲೇಜಿನ ದಿನಗಳಲ್ಲಿ ನಾನೂ ಆ ಪದವನ್ನು ಧಾರಾಳವಾಗಿ ಬಳಸಿದ್ದೇನೆ. ಚಿತ್ರಮಂದಿರದಿಂದ ಹೊರಬರುವಾಗ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸರನ್ನು ನೋಡಿ, ಇವರಿಗೆ ಕಲೆ ಗೊತ್ತಿಲ್ಲ ಎಂದುಕೊಂಡಿದ್ದೇನೆ. ಆ ಅಹಂಕಾರ ಕರಗಲು ಬಹಳ ವರ್ಷ ಬೇಕಾಯಿತು. ಕರಗಿದ ಮೇಲೆ ಉಳಿದದ್ದು ಒಂದು ಪ್ರಶ್ನೆ. ಆ ಚಿತ್ರಗಳಲ್ಲಿ ನಾನು ಹೀಗಳೆಯುತ್ತಿದ್ದದ್ದು ನಿಜವಾಗಿ ಯಾವುದನ್ನು? ಕಣ್ಣೀರನ್ನಂತೂ ಅಲ್ಲ, ಏಕೆಂದರೆ ದುರಂತ ನಾಟಕ ನೋಡಿ ಅತ್ತರೆ ಅದನ್ನು ದೊಡ್ಡದೆಂದು ಒಪ್ಪಿಕೊಳ್ಳುತ್ತಿದ್ದೆ. ನನಗೆ ಸಹಿಸಲಾಗದೆ ಇದ್ದದ್ದು ಬೇರೆ ಏನೋ.

ಬೋರ್ಜೇಗಿ ಹುಟ್ಟಿದ್ದು 1894ರಲ್ಲಿ, ಯೂಟಾ ಪ್ರಾಂತ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ. ಅಪ್ಪ ಆಲ್ಪ್ಸ್ ಪರ್ವತದ ತಪ್ಪಲಿನ ಟ್ರೆಂಟಿನೋ ಸೀಮೆಯಿಂದ ಬಂದ ಕಲ್ಲುಕೆಲಸದವ. ತಾಯಿಯದು ಸ್ವಿಟ್ಜರ್ಲೆಂಡ್ ಮೂಲ. ಮನೆ ತುಂಬ ಮಕ್ಕಳು. ಹುಡುಗ ಬೆಳ್ಳಿಯ ಗಣಿಯಲ್ಲಿ ದುಡಿದ, ಊರೂರು ತಿರುಗುವ ನಾಟಕ ಕಂಪನಿ ಸೇರಿದ, 1912ರ ಹೊತ್ತಿಗೆ ಹಾಲಿವುಡ್ಡಿಗೆ ಬಂದು ಥಾಮಸ್ ಇನ್ಸ್ ಕಂಪನಿಯ ಚಿತ್ರಗಳಲ್ಲಿ ನಟಿಸಿದ. ನಟನೆಯಿಂದ ನಿರ್ದೇಶನಕ್ಕೆ ಸರಿದದ್ದು ಇಪ್ಪತ್ತೆರಡರ ಆಸುಪಾಸಿನಲ್ಲಿ. ನೆಲದಡಿಯಲ್ಲಿ ದುಡಿದ ಹುಡುಗನೊಬ್ಬ ಮುಂದೆ ಚರಂಡಿಯ ಕಂಡಿಯಿಂದ ಆಕಾಶ ನೋಡುವ ಚಿಕೊನನ್ನು ಚಿತ್ರಿಸಿದ ಎಂಬುದಕ್ಕೆ ಹೆಚ್ಚಿನ ಅರ್ಥ ಕಟ್ಟಬಾರದೇನೋ. ಆದರೆ ಆ ದೃಶ್ಯ ನೋಡುವಾಗಲೆಲ್ಲ ನನಗೆ ಗಣಿ ನೆನಪಾಗುತ್ತದೆ.

ಅವನ ಹೆಸರು ಮೊದಲು ಕೇಳಿಬಂದದ್ದು 1920ರ ‘ಹ್ಯೂಮರೆಸ್ಕ್’ ಚಿತ್ರದಿಂದ. ನ್ಯೂಯಾರ್ಕಿನ ಬಡ ಯಹೂದಿ ಕೇರಿಯ ತಾಯಿ, ಪಿಟೀಲು ನುಡಿಸುವ ಮಗ, ಯುದ್ಧದಲ್ಲಿ ಗಾಯಗೊಂಡು ಸೋತುಹೋದ ಅವನ ತೋಳು. ಕೊನೆಗೆ ಆ ತೋಳು ಮತ್ತೆ ಪಿಟೀಲು ಎತ್ತುತ್ತದೆ. ವೈದ್ಯ ನೋಡಿದರೆ ನಗಬಹುದು. ಜನ ನಗಲಿಲ್ಲ. ಮಹಾಯುದ್ಧ ಮುಗಿದು ಎರಡೇ ವರ್ಷವಾಗಿತ್ತು. ತೋಳು ಕಳೆದುಕೊಂಡು ಬಂದ ಮಕ್ಕಳು ಎಷ್ಟೋ ಮನೆಗಳಲ್ಲಿದ್ದರು.

‘ಸೆವೆಂತ್ ಹೆವೆನ್’ ಚಿತ್ರದ ಕಥೆಗೆ ಬರುತ್ತೇನೆ. ಅಬ್ಸಿಂತ್ ಕುಡಿತಕ್ಕೆ ಬಿದ್ದ ಅಕ್ಕ ಚಾವಟಿ ಹಿಡಿದು ತಂಗಿ ಡಯಾನ್‌ಳನ್ನು ಬೀದಿಯಲ್ಲಿ ಅಟ್ಟಾಡಿಸಿ ಕತ್ತು ಹಿಸುಕುತ್ತಿರುತ್ತಾಳೆ. ಚಿಕೊ ಚರಂಡಿಯಿಂದೆದ್ದು ಬಂದು ಬಿಡಿಸುತ್ತಾನೆ. ಪೊಲೀಸರು ಡಯಾನ್‌ಳನ್ನೂ ಹಿಡಿದೊಯ್ಯಲು ಬಂದಾಗ, ಇವಳು ನನ್ನ ಹೆಂಡತಿ ಎಂದು ಬಾಯಿತಪ್ಪಿ ಸುಳ್ಳು ಹೇಳಿಬಿಡುತ್ತಾನೆ. ಪೊಲೀಸರು ಮನೆಗೆ ಬಂದು ವಿಚಾರಿಸುತ್ತಾರಲ್ಲ, ಅಲ್ಲಿಯವರೆಗೆ ಅವಳು ಅವನ ಮನೆಯಲ್ಲಿರಬೇಕು. ಮನೆ ಎಂದರೆ ಏಳನೇ ಮಹಡಿಯ ಮಾಳಿಗೆ ಕೋಣೆ. ಇಬ್ಬರೂ ಮೆಟ್ಟಿಲು ಹತ್ತುತ್ತಾರೆ. ಕ್ಯಾಮೆರಾ ಅವರ ಜೊತೆಗೇ ಏರುತ್ತದೆ. ಮೆಟ್ಟಿಲಿನ ಸೆಟ್ಟಿನ ಒಂದು ಪಕ್ಕ ತೆರೆದಿಟ್ಟು, ಕ್ಯಾಮೆರಾವನ್ನು ಲಿಫ್ಟಿನಂತೆ ಎತ್ತುತ್ತ ತೆಗೆದ ದೃಶ್ಯವಿದು. ಮಹಡಿಯ ಮೇಲೆ ಮಹಡಿ ಕಣ್ಣೆದುರು ಕೆಳಗಿಳಿಯುತ್ತದೆ, ಒಂದೊಂದರಲ್ಲೂ ಯಾರದೋ ಬಾಗಿಲು, ಯಾರದೋ ಬದುಕು. ತುದಿಯಲ್ಲಿ ಬಾಗಿಲು ತೆರೆದರೆ ಕಿಟಕಿಯ ತುಂಬ ನಕ್ಷತ್ರ. ಅದೇ ಸ್ಟುಡಿಯೋದಲ್ಲಿ ಆಗ ಜರ್ಮನಿಯಿಂದ ಬಂದ ಮುರ್ನೋ ಡಯಾನ್ ಪಾತ್ರದ ಇದೇ ನಟಿ ಜಾನೆಟ್ ಗೇನರ್‌ಳನ್ನು ಇಟ್ಟುಕೊಂಡು ‘ಸನ್‌ರೈಸ್’ ತೆಗೆಯುತ್ತಿದ್ದ. ಚಲಿಸುವ ಕ್ಯಾಮೆರಾದ ಪಾಠವನ್ನು ಬೋರ್ಜೇಗಿ ಅವನಿಂದ ಕಲಿತಿರಬಹುದು. ಆದರೆ ಕ್ಯಾಮೆರಾ ಮನುಷ್ಯರನ್ನು ಹಿಂಬಾಲಿಸುವುದು ಬೇರೆ, ಅವರ ಕೈಹಿಡಿದು ಜೊತೆಗೇ ಹತ್ತುವುದು ಬೇರೆ. ಈ ಎರಡನೆಯದು ಬೋರ್ಜೇಗಿಯದೇ ಎಂದು ನನ್ನ ನಂಬಿಕೆ.

ಆ ಕೋಣೆಯಲ್ಲಿ ಡಯಾನ್ ಮೆಲ್ಲಮೆಲ್ಲನೆ ಹೆದರಿಕೆ ಬಿಡುತ್ತಾಳೆ. ಚಿಕೊ ಮೆಲ್ಲಮೆಲ್ಲನೆ ಬಡಾಯಿ ಬಿಡುತ್ತಾನೆ. 1914ರಲ್ಲಿ ಯುದ್ಧ ಬಂದೇಬಿಡುತ್ತದೆ. ಹೊರಡಲು ಒಂದು ಗಂಟೆಯಷ್ಟೇ ಇದೆ. ಪಾದ್ರಿ ಕೊಟ್ಟಿದ್ದ ಎರಡು ಪುಟ್ಟ ಪದಕಗಳನ್ನು ಒಬ್ಬರಿಗೊಬ್ಬರು ಹಾಕಿಕೊಂಡು, ಚಿಕೊ ನಂಬದಿದ್ದ ಆ ದೇವರನ್ನೇ ಸಾಕ್ಷಿಗೆ ಕರೆದು, ಅಲ್ಲೇ ಮದುವೆಯಾಗುತ್ತಾರೆ. ಪ್ರತಿದಿನ ಬೆಳಗಿನ ಹನ್ನೊಂದು ಗಂಟೆಗೆ ನಾನು ನಿನ್ನ ಬಳಿ ಬರುತ್ತೇನೆ ಎಂದು ಮಾತು ಕೊಟ್ಟು ಅವನು ಹೋಗುತ್ತಾನೆ. ಮುಂದಿನ ನಾಲ್ಕು ವರ್ಷ ಅವನು ಕಂದಕದಲ್ಲಿ, ಅವಳು ಮದ್ದುಗುಂಡಿನ ಕಾರ್ಖಾನೆಯಲ್ಲಿ. ದಿನವೂ ಹನ್ನೊಂದಾದಾಗ ಇಬ್ಬರೂ ಕಣ್ಮುಚ್ಚಿ ಒಬ್ಬರನ್ನೊಬ್ಬರು ಕರೆಯುತ್ತಾರೆ.

ಯುದ್ಧ ನಿಂತದ್ದು 1918ರ ನವೆಂಬರ್ 11ರ ಬೆಳಿಗ್ಗೆ ಹನ್ನೊಂದು ಗಂಟೆಗೆ. ಬೀದಿಯೆಲ್ಲ ಸಂಭ್ರಮ. ಚಿಕೊ ಸತ್ತ ಸುದ್ದಿಯೊಂದಿಗೆ ಅವನ ಪದಕವನ್ನು ಹಿಡಿದು ಪಾದ್ರಿ ಬರುವುದೂ ಆಗಲೇ. ನಾಲ್ಕು ವರ್ಷ ದಿನವೂ ಬಂದವನು ಹಾಗಾದರೆ ಯಾರು, ಎಲ್ಲವೂ ನನ್ನ ಭ್ರಮೆಯೇ ಎಂದು ಡಯಾನ್ ಕುಸಿಯುತ್ತಾಳೆ. ಅದೇ ಹೊತ್ತಿಗೆ ಕೆಳಗೆ ಬೀದಿಯಲ್ಲಿ, ಕುಣಿಯುವ ಜನಸಾಗರವನ್ನು ಸೀಳಿಕೊಂಡು, ಕಣ್ಣು ಕಳೆದುಕೊಂಡ ಚಿಕೊ ಮೆಟ್ಟಿಲ ಕಡೆ ಬರುತ್ತಿದ್ದಾನೆ.

ನನಗೆ ಸಹಿಸಲಾಗದೆ ಇದ್ದದ್ದು ಇದೇ. ಸತ್ತವನು ಹೇಗೆ ಬಂದ? ಯಾವ ಆಸ್ಪತ್ರೆಯಲ್ಲಿದ್ದ, ಯಾರು ತಪ್ಪು ಸುದ್ದಿ ಕೊಟ್ಟರು? ಚಿತ್ರ ಒಂದಕ್ಕೂ ಉತ್ತರಿಸುವುದಿಲ್ಲ. ಅವನು ಹತ್ತುತ್ತಾನೆ, ಅಷ್ಟೇ.

ಇಲ್ಲಿ ನನ್ನ ನೆರವಿಗೆ ಬಂದದ್ದು ಹಾಲಿವುಡ್ಡಿನ ಯಾವ ವಿಮರ್ಶಕನೂ ಅಲ್ಲ, ನಮ್ಮ ನಾಟ್ಯಶಾಸ್ತ್ರ. ಅಲ್ಲಿ ಭರತ ಕರುಣ ರಸವನ್ನೂ ವಿಪ್ರಲಂಭ ಶೃಂಗಾರವನ್ನೂ ಬೇರ್ಪಡಿಸುತ್ತಾನೆ. ಎರಡರಲ್ಲೂ ಅಗಲಿಕೆಯಿದೆ, ಎರಡರಲ್ಲೂ ಕಣ್ಣೀರಿದೆ, ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ವ್ಯತ್ಯಾಸ ಒಳಗಿದೆ. ಕರುಣ ನಿರಪೇಕ್ಷ: ಮತ್ತೆ ಕೂಡುವ ಆಸೆ ಅಲ್ಲಿ ಕಡಿದುಹೋಗಿದೆ. ವಿಪ್ರಲಂಭ ಸಾಪೇಕ್ಷ: ಎಳೆಯೊಂದು ಇನ್ನೂ ಉಳಿದಿದೆ. ನಮ್ಮ ಆಲಂಕಾರಿಕರು ಮುಂದೆ ಇವೆರಡರ ನಡುವೆ ಇನ್ನೊಂದು ವಿಚಿತ್ರ ಸ್ಥಿತಿಯನ್ನೂ ಗುರುತಿಸಿದರು, ಕರುಣ ವಿಪ್ರಲಂಭ ಎಂದು. ಪ್ರಿಯನು ಸತ್ತೇಹೋಗಿದ್ದಾನೆ, ಆದರೂ ಎಳೆ ಕಡಿದಿಲ್ಲ. ಬಾಣನ ಕಾದಂಬರಿಯನ್ನು ಅವರು ಉದಾಹರಿಸುತ್ತಾರೆ. ಒಂದನೆಯ ನಾಗವರ್ಮನ ‘ಕರ್ನಾಟಕ ಕಾದಂಬರಿ’ ಓದಿದವರಿಗೆ ಮಹಾಶ್ವೇತೆ ಗೊತ್ತು. ಅವಳು ಬಂದು ತಲುಪುವಷ್ಟರಲ್ಲೇ ಪುಂಡರೀಕ ಸತ್ತಿದ್ದಾನೆ. ಚಂದ್ರಮಂಡಲದಿಂದ ಇಳಿದ ದಿವ್ಯಪುರುಷನೊಬ್ಬ ಅವನ ದೇಹವನ್ನು ಎತ್ತಿಕೊಂಡು ಹೋಗುವಾಗ, ನಿಮ್ಮಿಬ್ಬರ ಸಮಾಗಮ ಮತ್ತೆ ಆಗುತ್ತದೆ ಎಂದಷ್ಟೇ ಹೇಳುತ್ತಾನೆ. ಆ ಒಂದು ಮಾತನ್ನು ನಂಬಿ ಅವಳು ಅಚ್ಛೋದ ಸರೋವರದ ದಡದಲ್ಲಿ ತಪಸ್ವಿನಿಯಾಗಿ ಕೂರುತ್ತಾಳೆ.

ಇದನ್ನು ಓದುವಾಗ ಪುಂಡರೀಕ ಹೇಗೆ ಬದುಕಿದ ಎಂದು ನಾನು ಎಂದೂ ಕೇಳಿರಲಿಲ್ಲ. ಕಾಯುವುದು ಅಲ್ಲಿ ದೌರ್ಬಲ್ಯವಾಗಿ ಕಂಡಿರಲಿಲ್ಲ, ತಪಸ್ಸಾಗಿ ಕಂಡಿತ್ತು. ಪ್ಯಾರಿಸ್ಸಿನ ಬಡ ಹುಡುಗಿಯ ಹನ್ನೊಂದು ಗಂಟೆಗೆ ಮಾತ್ರ ನಾನು ಆ ಮರ್ಯಾದೆ ಕೊಡಲಿಲ್ಲ.

ಮರ್ಯಾದೆ ಕೊಡದವರು ಇನ್ನೂ ಇದ್ದರು, ಇನ್ನೂ ಹತ್ತಿರದಲ್ಲಿ. ನಮ್ಮೂರಿಗೆ ರಾತ್ರಿ ಎಂಟೂವರೆಗೆ ಕೊನೇ ಬಸ್ಸು. ನನ್ನ ಸೋದರತ್ತೆ, ಮಾವ ತೀರಿಕೊಂಡ ಮೇಲೂ ಎಷ್ಟೋ ವರ್ಷ ಆ ಹೊತ್ತಿಗೆ ಎದ್ದು ಜಗಲಿಯ ದೀಪ ಹಾಕುತ್ತಿದ್ದರು, ಬಸ್ಸು ತಿರುಗಿ ಹೋದ ಸದ್ದು ಕೇಳಿದ ಮೇಲೆ ಆರಿಸುತ್ತಿದ್ದರು. ಪಾಪ, ತಲೆ ಸರಿಯಿಲ್ಲ ಎಂದು ನೆರೆಯವರು ಪಿಸುಗುಟ್ಟುತ್ತಿದ್ದರು. ಒಮ್ಮೆ ನಾನೇ ಕೇಳಿಬಿಟ್ಟೆ, ಯಾಕತ್ತೆ ಎಂದು. “ಬರಲ್ಲ ಅಂತ ನಂಗೆ ಗೊತ್ತಿಲ್ವೇನೋ ಮಗಾ? ಆ ಹೊತ್ತಿಗೆ ಕೈ ಸುಮ್ನಿರಲ್ಲ” ಎಂದರು. ಅತ್ತೆಗೆ ಭ್ರಮೆಯಿರಲಿಲ್ಲ. ಒಂದು ಹೊತ್ತಿತ್ತು, ಆ ಹೊತ್ತಿಗೊಂದು ಕೆಲಸವಿತ್ತು. ಪ್ರೀತಿ ಎಂಬುದು ಅವರಲ್ಲಿ ಉಳಿದದ್ದು ಭಾವನೆಯಾಗಿ ಅಲ್ಲ, ಕೈಗೆ ಅಂಟಿದ ರೂಢಿಯಾಗಿ.

ಬೋರ್ಜೇಗಿಯ ಚಿತ್ರಗಳಲ್ಲಿ ನಾನು ಈಗ ಮೊದಲು ಹುಡುಕುವುದು ಈ ಕೈಯನ್ನೇ. 1929ರ ‘ಲಕ್ಕಿ ಸ್ಟಾರ್’ ಚಿತ್ರದಲ್ಲಿ ಯುದ್ಧದಿಂದ ಕಾಲು ಸೋತು ಗಾಲಿಕುರ್ಚಿಯಲ್ಲಿ ಕೂತ ಟಿಮ್, ಕೊಳಕು ಮೆತ್ತಿಕೊಂಡು ಬಂದ ಹಳ್ಳಿಯ ಹುಡುಗಿ ಮೇರಿಯ ತಲೆಗೂದಲು ತೊಳೆಯುತ್ತಾನೆ. ತೊಳೆದಂತೆಲ್ಲ ಅದರ ನಿಜವಾದ ಬಣ್ಣ ಹೊರಬರುತ್ತದೆ. ಪ್ರೇಮನಿವೇದನೆಯ ಮಾತಿಲ್ಲ, ನೀರು ಮತ್ತು ಬೆರಳುಗಳಿವೆ. ಕೊನೆಗೆ ಅವನು ಹಿಮದಲ್ಲಿ ಊರುಗೋಲು ಊರಿಕೊಂಡು, ಬಿದ್ದು, ತೆವಳಿ, ರೈಲು ನಿಲ್ದಾಣದವರೆಗೆ ಬಂದು ಎದ್ದು ನಿಲ್ಲುತ್ತಾನಲ್ಲ, ಆ ಪವಾಡವನ್ನು ನಂಬಲು ನನಗೆ ಸಾಧ್ಯವಾಗುವುದು ಆ ಬೆರಳುಗಳಿಂದಾಗಿ. 1933ರ ‘ಮ್ಯಾನ್ಸ್ ಕಾಸಲ್’ ಚಿತ್ರದಲ್ಲಿ ನಿರುದ್ಯೋಗಿಗಳ ಗುಡಿಸಲು ಕೇರಿಯ ಬಿಲ್, ರೈಲಿನ ಸಿಳ್ಳು ಕೇಳಿದಾಗಲೆಲ್ಲ ಎಲ್ಲ ಬಿಟ್ಟು ಓಡಿಹೋಗಲು ಚಡಪಡಿಸುವವನು. ಅವನು ಮಲಗುವ ಜಾಗದ ಮೇಲೆ ಆಕಾಶಕ್ಕೆ ತೆರೆಯುವ ಒಂದು ಕಂಡಿ. ಆ ಗುಡಿಸಲಿನಲ್ಲಿ ಟ್ರಿನಾಳ ಆಸೆ ಒಂದು ಒಲೆ, ಕಂತಿನ ಮೇಲೆ ತಂದ ಒಲೆ. ಒಬ್ಬರಿಗೆ ಕಂಡಿ, ಇನ್ನೊಬ್ಬರಿಗೆ ಒಲೆ; ಮದುವೆ ಎಂಬುದನ್ನು ಇಷ್ಟು ಕಡಿಮೆ ಸಾಮಾನಿನಲ್ಲಿ ಹೇಳಿದವರು ಕಡಿಮೆ.

ಆದರೂ ಒಂದು ಅನುಮಾನವನ್ನು ನಾನು ಬದಿಗೆ ತಳ್ಳಲಾರೆ. ಚಿಕೊ ಹೋದ ಆ ಯುದ್ಧದಲ್ಲಿ ಅಮೆರಿಕದವರೇ ಒಂದು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು, ಫ್ರಾನ್ಸಿನವರು ಹತ್ತು ಲಕ್ಷಕ್ಕೂ ಹೆಚ್ಚು. 1927ರಲ್ಲಿ ಆ ಚಿತ್ರ ನೋಡಲು ಬಂದವರಲ್ಲಿ ಗಂಡನ ಪದಕ ಮಾತ್ರ ಮನೆಗೆ ಬಂದ ಹೆಂಗಸರು ಇದ್ದೇ ಇದ್ದರು. ಅವರ ಎದುರು ಚಿಕೊನನ್ನು ಮೆಟ್ಟಿಲು ಹತ್ತಿಸಿದ್ದು ಕರುಣೆಯೋ, ಕ್ರೌರ್ಯವೋ? ನಿನ್ನ ಪ್ರೀತಿ ಸಾಲದ್ದರಿಂದ ನಿನ್ನವನು ಬರಲಿಲ್ಲ ಎಂದು ಆ ಮೆಟ್ಟಿಲು ಅವರಿಗೆ ಹೇಳಿದಂತಾಗಲಿಲ್ಲವೇ? ಈ ಪ್ರಶ್ನೆ ಬೋರ್ಜೇಗಿಯನ್ನೂ ಕಾಡಿತೆಂದು ಹೇಳಲು ಅವನ ಮುಂದಿನ ಕೆಲವು ಚಿತ್ರಗಳೇ ನನಗಿರುವ ಆಧಾರ. ಅವುಗಳಲ್ಲಿ ಸತ್ತವರು ಹಿಂದಿರುಗುವುದಿಲ್ಲ.

1932ರಲ್ಲಿ ಅವನು ಹೆಮಿಂಗ್ವೇಯ ‘ಎ ಫೇರ್‌ವೆಲ್ ಟು ಆರ್ಮ್ಸ್’ ತೆಗೆದ. ಕಾದಂಬರಿಯ ಕೊನೆಯಲ್ಲಿ ಕ್ಯಾಥರೀನ್ ಸತ್ತ ಮೇಲೆ ಫ್ರೆಡರಿಕ್ ಆಸ್ಪತ್ರೆಯಿಂದ ಹೊರಬಿದ್ದು ಮಳೆಯಲ್ಲಿ ನಡೆದು ಹೋಗುತ್ತಾನೆ. ಭರತನ ಮಾತಿನಲ್ಲಿ ಹೇಳುವುದಾದರೆ ಶುದ್ಧ ನಿರಪೇಕ್ಷ. ಚಿತ್ರದಲ್ಲಿ ಅವಳು ಸಾಯುವಾಗ ಯುದ್ಧ ಮುಗಿದ ಗಂಟೆಗಳು ಮೊಳಗುತ್ತವೆ. ಫ್ರೆಡರಿಕ್ ಪಾತ್ರದ ಗ್ಯಾರಿ ಕೂಪರ್ ಅವಳ ದೇಹವನ್ನು ಬಿಳಿಯ ಹಾಸಿನ ಸಮೇತ ಎರಡು ತೋಳಿನಲ್ಲಿ ಎತ್ತಿಕೊಂಡು ಕಿಟಕಿಯ ಬೆಳಕಿಗೆ ತಿರುಗುತ್ತಾನೆ. ಹೆಮಿಂಗ್ವೇಗೆ ಈ ಚಿತ್ರ ಹಿಡಿಸಲಿಲ್ಲ. ಹಿಡಿಸಬೇಕಾಗಿಯೂ ಇರಲಿಲ್ಲ, ಅವನ ಸತ್ಯ ಬೇರೆ. ಆದರೆ ಗಮನಿಸಬೇಕಾದದ್ದು, ಬೋರ್ಜೇಗಿ ಇಲ್ಲಿ ಅವಳನ್ನು ಬದುಕಿಸಲಿಲ್ಲ. ಎತ್ತಿಕೊಂಡ. ಏಳನೇ ಮಹಡಿಗೆ ಏರುವ ಆ ಹಳೆಯ ಚಲನೆ ಎರಡು ತೋಳುಗಳ ಎತ್ತರಕ್ಕೆ ಇಳಿದಿತ್ತು.

ಆರು ವರ್ಷದ ಮೇಲೆ ‘ಥ್ರೀ ಕಾಮ್ರೇಡ್ಸ್’. ರಿಮಾರ್ಕ್‌ನ ಕಾದಂಬರಿ, ಚಿತ್ರಕಥೆಗೆ ಹೆಸರು ಕೊಟ್ಟವರಲ್ಲಿ ಸ್ಕಾಟ್ ಫಿಟ್ಸ್‌ಜೆರಾಲ್ಡ್ ಒಬ್ಬ, ಚಿತ್ರಕಥೆಗಾರನಾಗಿ ಅವನ ಹೆಸರು ತೆರೆಯ ಮೇಲೆ ಬಂದದ್ದು ಇದೊಂದರಲ್ಲೇ. ಯುದ್ಧ ಸೋತ ಜರ್ಮನಿಯಲ್ಲಿ ಮೂವರು ಗೆಳೆಯರು, ಕ್ಷಯ ತಗುಲಿದ ಪ್ಯಾಟ್. ಅಲುಗಾಡಕೂಡದು ಎಂದು ವೈದ್ಯರು ಹೇಳಿದ್ದರೂ ಅವಳು ಹಾಸಿಗೆಯಿಂದೇಳುತ್ತಾಳೆ, ನಡೆದು ಹೋಗುತ್ತಾಳೆ, ತನ್ನವರಿಗೆ ಹೊರೆಯಾಗಬಾರದೆಂದು, ಗೊತ್ತಿದ್ದೂ ಸಾವಿನ ಕಡೆಗೆ ನಡೆಯುತ್ತಾಳೆ. ಹಿಂದೆ ಪ್ರೀತಿಗಾಗಿ ಎದ್ದು ನಿಂತವರು ಬದುಕಿದ್ದರು. ಇವಳು ಪ್ರೀತಿಗಾಗಿ ಎದ್ದು ನಿಂತು ಸಾಯುತ್ತಾಳೆ. ಚಿತ್ರದ ಕೊನೆಗೆ ಸ್ಮಶಾನದಿಂದ ಹೊರಟ ಇಬ್ಬರು ಗೆಳೆಯರ ಪಕ್ಕದಲ್ಲಿ ಸತ್ತ ಇಬ್ಬರೂ ಮಸುಕಾಗಿ ನಡೆದು ಬರುತ್ತಾರೆ. ಜೊತೆಗಿದ್ದಾರೆ, ಆದರೆ ಕೈ ಚಾಚಿದರೆ ಸಿಗುವುದಿಲ್ಲ.

ಆಮೇಲೆ ಬಂದದ್ದು ‘ದಿ ಮಾರ್ಟಲ್ ಸ್ಟಾರ್ಮ್’. ಬಿಡುಗಡೆಯಾದದ್ದು 1940ರ ಜೂನ್‌ನಲ್ಲಿ, ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಚಿಕೊ ಮತ್ತು ಡಯಾನ್‌ರ ಪ್ಯಾರಿಸ್ ನಾಜಿಗಳ ವಶವಾದದ್ದೂ ಅದೇ ತಿಂಗಳು. ಕಥೆ ಶುರುವಾಗುವುದು ಹಿಟ್ಲರ್ ಅಧಿಕಾರಕ್ಕೆ ಬಂದ 1933ರ ಜನವರಿ 30ರಂದು. ಅದು ಪ್ರೊಫೆಸರ್ ರೋತ್‌ರ ಅರವತ್ತನೇ ಹುಟ್ಟುಹಬ್ಬದ ದಿನ. ವಿದ್ಯಾರ್ಥಿಗಳು ಎದ್ದು ನಿಂತು ಗೌರವಿಸಿದ ಆ ವಿಜ್ಞಾನಿಯನ್ನು ಕೆಲವೇ ದಿನಗಳಲ್ಲಿ ಅದೇ ವಿದ್ಯಾರ್ಥಿಗಳು ಬಹಿಷ್ಕರಿಸುತ್ತಾರೆ, ಪುಸ್ತಕಗಳಿಗೆ ಬೆಂಕಿ ಹಚ್ಚುತ್ತಾರೆ. ಅವರು ಯಹೂದಿ ಎಂದು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ, ಆರ್ಯರಲ್ಲದವರು ಎನ್ನುತ್ತದೆ. ಸ್ಟುಡಿಯೋದ ಆ ಹಿಂಜರಿಕೆ ಇಂದು ನೋಡುವಾಗ ಚುಚ್ಚುತ್ತದೆ. ಹಾಗಿದ್ದರೂ ಎಂಜಿಎಂ ಸಂಸ್ಥೆಯ ಚಿತ್ರಗಳಿಗೆ ಜರ್ಮನಿ ಬಾಗಿಲು ಮುಚ್ಚಿತು. ಪ್ರೊಫೆಸರರ ಮಗಳು ಫ್ರೇಯಾ ಮತ್ತು ಅವಳ ಪ್ರಿಯಕರ ಮಾರ್ಟಿನ್ ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಗಡಿ ದಾಟುವಾಗ ಗುಂಡು ಹಾರುತ್ತದೆ. ಅವಳು ಸಾಯುವುದು ಗಡಿಯ ಆಚೆ, ಅವನ ತೋಳಿನಲ್ಲಿ.

ಅನಂತರದ ಕೆಲವು ನಿಮಿಷಗಳೇ ನನ್ನ ಪಾಲಿಗೆ ಬೋರ್ಜೇಗಿಯ ಇಡೀ ವೃತ್ತಿಜೀವನದ ಹೃದಯ. ನಾಜಿಗಳ ಕಡೆ ಸೇರಿದ್ದ ಪ್ರೊಫೆಸರರ ಮಲಮಗ ಓಟೋ ಖಾಲಿ ಮನೆಯಲ್ಲಿ ಒಬ್ಬನೇ ಅಲೆಯುತ್ತಾನೆ. ಊಟದ ಮೇಜು, ಮೆಟ್ಟಿಲು, ಬಾಗಿಲು, ಎಲ್ಲ ಹಾಗೇ ಇವೆ. ಗೋಡೆಗಳಿಂದ ಹಳೆಯ ಮಾತುಗಳು ಕೇಳುತ್ತಿವೆ. ಕ್ಯಾಮೆರಾ ನಿಧಾನ ಸಾಗುತ್ತದೆ, ಈಗ ಅದರ ಜೊತೆ ಹತ್ತುವವರಿಲ್ಲ. ಹೊರಗೆ ಹಿಮದಲ್ಲಿ ಹೆಜ್ಜೆಗುರುತುಗಳು, ಅವನ್ನು ಮೆಲ್ಲಗೆ ಮುಚ್ಚುತ್ತಿರುವ ಹೊಸ ಹಿಮ. ಹದಿಮೂರು ವರ್ಷದ ಹಿಂದೆ ಇದೇ ನಿರ್ದೇಶಕ ಕುರುಡನೊಬ್ಬನನ್ನು ಮೆಟ್ಟಿಲು ಹತ್ತಿಸಿದ್ದ. ಇಲ್ಲಿ ಅವನು ಯಾರನ್ನೂ ಹತ್ತಿಸುವುದಿಲ್ಲ. ಆದರೂ ಈ ಮನೆ ಸುಮ್ಮನೆ ಖಾಲಿಯಾಗಿಲ್ಲ. ಖಾಲಿತನವನ್ನು ಹೀಗೆ ಕಿವಿಗೊಟ್ಟು ಕೇಳುವವನಿಗೆ ಎಳೆ ಇನ್ನೂ ಕಡಿದಿಲ್ಲ ಎಂದೇ ಅರ್ಥ. ಓಟೋ ಬದಲಾಗುತ್ತಾನೋ ಇಲ್ಲವೋ, ಅವನ ಹೆಜ್ಜೆಯ ತಡವರಿಕೆಯಲ್ಲಿ ಒಂದು ಅಪೇಕ್ಷೆ ಉಳಿದಿದೆ. ಸತ್ತವರು ಹಿಂದಿರುಗಬೇಕೆಂಬ ಅಪೇಕ್ಷೆ ಹೋಗಿ, ಬದುಕಿರುವವನು ಹಿಂದಿರುಗಲಿ ಎಂಬ ಅಪೇಕ್ಷೆ ಅಲ್ಲಿ ಹುಟ್ಟಿದೆ.

ಎಂಟು ವರ್ಷದ ನಂತರದ ‘ಮೂನ್‌ರೈಸ್’ ನಡೆಯುವುದು ಈ ದಾರಿಯಲ್ಲೇ. ಅಪ್ಪನನ್ನು ಗಲ್ಲಿಗೇರಿಸಿದರೆಂದು ಬಾಲ್ಯವಿಡೀ ಹೀಯಾಳಿಸಿಕೊಂಡ ಡ್ಯಾನಿ ಒಂದು ಜಗಳದಲ್ಲಿ ಕೊಲೆ ಮಾಡಿ ಜೌಗುನೆಲದಲ್ಲಿ ಓಡುತ್ತಾನೆ, ಕೊನೆಗೆ ತಾನಾಗಿಯೇ ಹಿಂದಿರುಗಿ ಶರಣಾಗುತ್ತಾನೆ. ನಾಯಿಗಳನ್ನು ಬಿಟ್ಟು ಹಿಡಿಸಬಹುದಾಗಿದ್ದ ಅಧಿಕಾರಿ ಅವನನ್ನು ಮನುಷ್ಯನಂತೆ ನಡೆದು ಬರಲು ಬಿಡುತ್ತಾನೆ. ಅದೂ ಒಂದು ಹಿಂದಿರುಗುವಿಕೆಯೇ, ಚಿಕೊನದಕ್ಕಿಂತ ಕಷ್ಟದ್ದು. ಅದಾದ ಮೇಲೆ ಬೋರ್ಜೇಗಿಯ ಮುಂದಿನ ಸಿನಿಮಾ ಬಂದದ್ದು 1958ರಲ್ಲಿ. 1962ರ ಜೂನ್ 19ರಂದು ಅವನು ತೀರಿಕೊಂಡ. ಅಷ್ಟರಲ್ಲಿ ಕಾಲ ಅವನನ್ನು ಹೆಚ್ಚುಕಡಿಮೆ ಮರೆತಿತ್ತು. ಜಪಾನಿನ ಓಜು 1929ರಲ್ಲಿ ತೆಗೆದ ‘ಡೇಸ್ ಆಫ್ ಯೂತ್’ ಚಿತ್ರದ ಒಂದು ಬಾಡಿಗೆ ಕೋಣೆಯ ಗೋಡೆಯ ಮೇಲೆ ‘ಸೆವೆಂತ್ ಹೆವೆನ್’ ಪೋಸ್ಟರ್ ಕಾಣುತ್ತದೆ. ಅಷ್ಟು ದೂರದ ಗೋಡೆಗಳನ್ನೂ ತಲುಪಿದ್ದ ಹೆಸರು ಅದು.

ಮೂಕಿ ಕಾಲದ ಅವನ ಅನೇಕ ಚಿತ್ರಗಳು ಇಂದು ಇಲ್ಲ. ‘ಲಕ್ಕಿ ಸ್ಟಾರ್’ ಕೂಡ ನಾಶವಾಗಿದೆ ಎಂದೇ ದಶಕಗಳ ಕಾಲ ನಂಬಿದ್ದರು, ಆಮೇಲೆ ನೆದರ್ಲೆಂಡ್ಸಿನ ಚಲನಚಿತ್ರ ಸಂಗ್ರಹಾಲಯದಲ್ಲಿ ಅದರ ಒಂದು ಪ್ರತಿ ಸಿಕ್ಕಿತು. ಅವನ ಇನ್ನೊಂದು ಮೂಕಿಚಿತ್ರ ‘ದಿ ರಿವರ್’ಗೆ ಆ ಭಾಗ್ಯ ಪೂರ್ತಿ ಸಿಗಲಿಲ್ಲ. ಅದರ ಆರಂಭವೂ ಕೊನೆಯೂ ಕಳೆದುಹೋಗಿವೆ, ಉಳಿದಿರುವುದು ನಡುವಿನ ಭಾಗ. ಇಲ್ಲದ ಕಡೆ ಸ್ಥಿರಚಿತ್ರಗಳನ್ನಿಟ್ಟು ಅದನ್ನು ಜೋಡಿಸಿದ್ದಾರೆ. ಉಳಿದ ಭಾಗದಲ್ಲಿ ಒಂದು ದೃಶ್ಯವಿದೆ. ಬೆಟ್ಟದ ಚಳಿಯಲ್ಲಿ ಸೆಟೆದುಹೋದ ಅಲೆನ್ ಜಾನ್‌ನನ್ನು ಹಾಸಿಗೆಯ ಮೇಲೆ ಮಲಗಿಸಿದ್ದಾರೆ. ಯಾವ ಶುಶ್ರೂಷೆಗೂ ಅವನಲ್ಲಿ ಚಲನೆಯಿಲ್ಲ. ಅದುವರೆಗೆ ಅವನನ್ನು ಕಾಡಿಸಿ ದೂರವಿಟ್ಟಿದ್ದ ರೋಸಲೀ ಅವನ ಪಕ್ಕದಲ್ಲಿ ಮಲಗಿ, ತನ್ನ ಮೈಯ ಬಿಸಿಯನ್ನು ಅವನ ಮೈಗೆ ಕೊಡುತ್ತ, ಕೆನ್ನೆಗೆ ಕೆನ್ನೆ ಒತ್ತಿ ಹಿಡಿಯುತ್ತಾಳೆ. ಬಹಳ ಹೊತ್ತು ಏನೂ ಆಗುವುದಿಲ್ಲ. ಕ್ಯಾಮೆರಾ ಕದಲುವುದಿಲ್ಲ, ಅವಳೂ ಕದಲುವುದಿಲ್ಲ.